ಕಿಡಿ ಬೇಡ, ಮುಖ ತೆಗೀರಿ

ಕೆ.ಆರ್. ಮಾರ್ಕೆಟ್ಟಿನ ಹಳೇ ಕಟ್ಟಡದ ಮೆಟ್ಟಿಲು ಹತ್ತಿದರೆ ಮಹಡಿಯ ಮೇಲೊಂದು ಉದ್ದನೆಯ ಪಡಸಾಲೆ ಸಿಗುತ್ತದೆ. ಅದರ ಮೋಟುಗೋಡೆಗೆ ಒರಗಿ ಬಗ್ಗಿದರೆ ಹೂವಿನ ಅಂಗಳ ಇಡಿಯಾಗಿ ಕಣ್ಣಿಗೆ ಬೀಳುತ್ತದೆ. ಗೋಣಿಚೀಲಗಳಿಂದ ಸುರಿದ ಚೆಂಡುಹೂವಿನ ಗುಡ್ಡೆಗಳು, ಅದರ ಮಗ್ಗುಲಿಗೆ ಚಿಕ್ಕಬಳ್ಳಾಪುರದ ಕಡೆಯ ಸೇವಂತಿಗೆ, ಬಿಡಿ ಗುಲಾಬಿ, ಸುಗಂಧರಾಜ, ಒದ್ದೆ ಬಟ್ಟೆ ಹೊದ್ದು ಬುಟ್ಟಿಯಲ್ಲಿ ಕೂತ ಕನಕಾಂಬರ. ಒಂದು ಗುಡ್ಡೆಗೂ ಇನ್ನೊಂದು ಗುಡ್ಡೆಗೂ ನಡುವೆ ಕಾಲಿಡುವಷ್ಟೇ ಜಾಗ. ಆ ಜಾಗದಲ್ಲೇ ತೂಕ, ಚೌಕಾಸಿ, ಕೂಗಾಟ, ತಲೆಹೊರೆ ಹೊತ್ತವರ ‘ಸೈಡು, ಸೈಡು’. ವಾರದ ಕೊನೆಯಲ್ಲಿ ಬೆಳಗಿನ ಐದಕ್ಕೆಲ್ಲ ಈ ಮೋಟುಗೋಡೆಯ ಉದ್ದಕ್ಕೂ ಕ್ಯಾಮೆರಾಗಳು ಸಾಲಾಗಿ ನಿಂತಿರುತ್ತವೆ. ಮೇಲಿನಿಂದ ತೆಗೆದ ಆ ಚಿತ್ರವನ್ನು ನೀವೂ ನೋಡಿರುತ್ತೀರಿ. ಬೆಂಗಳೂರಿನ ಬಗ್ಗೆ ಏನೇ ಅಚ್ಚಾದರೂ ಜೊತೆಯಲ್ಲಿ ಅದೊಂದು ಬಂದಿರುತ್ತದೆ.

ಚೆಂದದ ಚಿತ್ರವೇ, ಅನುಮಾನವಿಲ್ಲ. ಆದರೆ ಮಹಡಿಯಿಂದ ಕಾಣುವುದು ಬಣ್ಣ. ಮನುಷ್ಯರು ನೆತ್ತಿ ಮತ್ತು ಕೈಗಳಾಗಿ ಮಾತ್ರ ಅಲ್ಲಲ್ಲಿ ಉಳಿದಿರುತ್ತಾರೆ. ಬೀದಿಯ ಫೋಟೊ ತೆಗೆಯುವವನು ಆ ಮೆಟ್ಟಿಲು ಇಳಿದು ಬರಬೇಕು, ಇಳಿದ ಮೇಲೆ ನೆಲದಲ್ಲಿ ಕೂರಬೇಕು ಎಂದು ನಂಬಿದವನು ನಾನು. ಕೂತವರ ಮುಖ ಕೂತವರಿಗೇ ಸರಿಯಾಗಿ ಕಾಣುವುದು.

1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದಾಗ ಮೊದಲ ಬೀದಿದೀಪಗಳು ಹೊತ್ತಿಕೊಂಡದ್ದು ಈ ಆಸುಪಾಸಿನಲ್ಲೇ. ಇವತ್ತಿಗೂ ಇಲ್ಲಿನ ಬೆಳಗು ಸೂರ್ಯನದಲ್ಲ, ಬಲ್ಬಿನದು. ಅಂಗಡಿಯವರು ಹೂವಿನ ಮೇಲೆ ಬೆಳಕು ಬೀಳಲಿ ಎಂದು ತಗ್ಗಿನಲ್ಲಿ ತೂಗುಬಿಟ್ಟಿರುವ ಬಲ್ಬಿನ ಬೆಳಕು ರಾಶಿಯ ಮೇಲೆ ಬಿದ್ದು ಪುಟಿದು, ಮಾರುವವರ ಗಲ್ಲಕ್ಕೆ ಕೆಳಗಿನಿಂದ ಬಣ್ಣ ಬಳಿಯುತ್ತದೆ. ಸೇವಂತಿಗೆಯ ಮುಂದೆ ಕೂತವರ ಮುಖ ಅರಿಶಿನ, ಕನಕಾಂಬರದ ಮುಂದೆ ಕೂತವರದು ಕಾವಿ. ಏಳು ಗಂಟೆ ದಾಟಿ ಬಿಸಿಲು ಒಳಗೆ ಬಂದಿತೋ, ಈ ಬಣ್ಣ ಹೋಯಿತು.

ಅಂಥದೊಂದು ಬೆಳಕಿನಲ್ಲಿ, ಮೆಟ್ಟಿಲ ಪಕ್ಕ, ಐವತ್ತರ ಆಸುಪಾಸಿನ ಒಬ್ಬಾಕೆ ಹೂ ಕಟ್ಟುತ್ತಾ ಕೂತಿದ್ದರು. ದಾರದ ಒಂದು ತುದಿ ಕಾಲಿನ ಹೆಬ್ಬೆರಳಿಗೆ ಸುತ್ತಿತ್ತು. ಎಡಗೈ ಬೆರಳುಗಳ ಸಂದಿಯಲ್ಲಿ ಎರಡು ಹೂ ಈಚೆ ಮುಖ, ಎರಡು ಹೂ ಆಚೆ ಮುಖ. ಬಲಗೈ ದಾರವನ್ನು ಒಂದು ಸುತ್ತು ಹಾಕಿ, ಬೆರಳಿನಿಂದಲೇ ಕುಣಿಕೆ ತಿರುವಿ, ಸರಕ್ಕನೆ ಎಳೆದರೆ ಗಂಟು. ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸಿಹೋಗುತ್ತದೆ, ಕಮ್ಮಿಯಾದರೆ ಹೂ ಜಾರುತ್ತದೆ. ಆಕೆ ಕೈ ನೋಡುತ್ತಲೇ ಇರಲಿಲ್ಲ. ಕಣ್ಣೆಲ್ಲ ಹೋಗಿ ಬರುವವರ ಮೇಲೆ. ತೋರುಬೆರಳಿನ ಮಗ್ಗುಲಲ್ಲಿ ದಾರ ಉಜ್ಜಿ ಉಜ್ಜಿ ಒಂದು ಗೆರೆ ಹಳ್ಳ ಬಿದ್ದಿತ್ತು.

“ಏನ್ ಸಾರ್, ಹೂ ಬೇಕಾ, ಫೋಟೊ ಬೇಕಾ?”

“ಎರಡೂ ಬೇಕು ಅಕ್ಕ. ಮೊದಲು ಹೂವು ಕೊಡಿ.”

“ಇಲ್ಲಿ ಮೊಳ ಕೊಡಲ್ಲ ನಾನು. ಇಲ್ಲಿ ನಾನೂ ಗಿರಾಕೀನೇ.” ನಕ್ಕರು. ನಸುಕಿಗೇ ಬಂದು ಇಲ್ಲಿ ಕೆ.ಜಿ. ಲೆಕ್ಕದಲ್ಲಿ ಬಿಡಿಹೂ ಕೊಳ್ಳುತ್ತಾರೆ. ಬಸ್ಸಿಗೆ ಹೊತ್ತಿದ್ದರೆ ಇಲ್ಲೇ ಕೂತು ಒಂದಿಷ್ಟು ಕಟ್ಟುತ್ತಾರೆ. ಆಮೇಲೆ ವಿಜಯನಗರದ ಒಂದು ದೇವಸ್ಥಾನದ ಬಾಗಿಲಲ್ಲಿ ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಒಂದೊಂದೇ ಮಾತು ಹೊರಬಂತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ, ಹೋಗಿ ಬರುವ ಬಸ್ಸಿನ ದುಡ್ಡನ್ನು ಬೇರೆ ತೆಗೆದಿಟ್ಟು ಚೀಟಿ ಕಟ್ಟಿದರಂತೆ. “ಚೀಟಿ ಎತ್ತಿದ ದುಡ್ಡಲ್ಲಿ ಮಗಳಿಗೆ ಹೊಲಿಗೆ ಮಿಷನ್ ತೆಗೆಸ್ಕೊಟ್ಟೆ. ಈಗ ಬೀದಿಯವರ ಬ್ಲೌಸೆಲ್ಲಾ ಅವಳೇ ಹೊಲಿಯೋದು.” ಆಮೇಲೆ ಮೊಣಕೈ ಚಾಚಿ ತೋರಿಸಿದರು. “ನೋಡಿ, ನಾನೇ ಗಿಡ್ಡಿ. ನಿನ್ನ ಮೊಳ ಚಿಕ್ಕದು ಅಂತ ಒಬ್ಬಮ್ಮ ದಿನಾ ಜಗಳ ಆಡ್ತಾರೆ. ಕೈ ಎಲ್ಲಿಂದ ಉದ್ದ ತರ್ಲಿ? ಅದಕ್ಕೇ ಮೊಳಕ್ಕೆ ನಾಲ್ಕು ಬೆರಳು ಮೇಲೆ ಹಾಕಿ ಕೊಡ್ತೀನಿ. ಆ ಜಗಳ ಇಲ್ದಿದ್ರೆ ಅವರಿಗೂ ಬೇಜಾರು, ನನಗೂ ಬೇಜಾರು.”

ಫೋಟೊ ತೆಗೆದದ್ದು ಆ ಮಾತಿನ ನಡುವೆ, ಅವರು ಕೈ ಚಾಚಿ ಅಳತೆ ತೋರಿಸುತ್ತಿದ್ದಾಗ. ಆ ಚಿತ್ರದಲ್ಲಿ ಹೂವು ಇರುವುದು ಒಂದು ಮೂಲೆಯಲ್ಲಿ ಮಾತ್ರ. ಜಗಳಗಂಟಿ ಗಿರಾಕಿಯ ಮೇಲಿನ ಅವರ ಪ್ರೀತಿ ಮುಖದ ತುಂಬ ಇದೆ.

ಬೀದಿಯಲ್ಲಿ ಸಿಗುವ ಕತೆ ಎಂದರೆ ಕಣ್ಣೀರಿನದೇ ಆಗಿರಬೇಕು ಎಂಬ ಹಟ ಈಚೆಗೆ ಬೆಳೆದಿದೆ. ಬಡವರ ಕೈಗೆ ನೋಟಿನ ಕಂತೆ ಇಟ್ಟು, ಅವರ ಅಳುವಿಗೆ ಸಂಗೀತ ಹಚ್ಚಿ ಹರಿಯಬಿಡುವ ವಿಡಿಯೊಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಮೈಕು ಮೂಗಿನ ಹತ್ತಿರ ಬಂದ ಕೂಡಲೇ ಮನುಷ್ಯ ತನ್ನ ಕಷ್ಟವನ್ನೇ ಹುಡುಕಿ ಕೊಡಬೇಕು ಎಂದುಕೊಳ್ಳುತ್ತಾನೆ, ಕೇಳುವವನಿಗೆ ಬೇಕಾದದ್ದು ಅದೇ ಎಂದು ಅವನಿಗೂ ಗೊತ್ತು. ಚೀಟಿ, ಹೊಲಿಗೆ ಮಿಷನ್ನು, ನಾಲ್ಕು ಬೆರಳು ಹೆಚ್ಚಿಗೆ ಕೊಡುವ ಮೊಳ, ಇವೂ ಒಂದು ಬಾಳಿನ ಕತೆಯೇ.

ದಾರಿಹೋಕರನ್ನು ನಿಲ್ಲಿಸಿ, ಚಿತ್ರ ತೆಗೆದು, ಅವರ ಮಾತನ್ನೂ ಜೊತೆಗಿಡುವ ಈ ಪದ್ಧತಿಗೆ ಜಗತ್ತಿನಲ್ಲಿ ಹೆಸರು ತಂದವನು ಬ್ರ್ಯಾಂಡನ್ ಸ್ಟ್ಯಾಂಟನ್. ಶಿಕಾಗೊದಲ್ಲಿ ಬಾಂಡ್ ವ್ಯಾಪಾರದ ಕೆಲಸ ಹೋದ ಮೇಲೆ ಆತ 2010ರಲ್ಲಿ ನ್ಯೂಯಾರ್ಕಿಗೆ ಬಂದ. ಹತ್ತು ಸಾವಿರ ನ್ಯೂಯಾರ್ಕಿಗರ ಚಿತ್ರ ತೆಗೆದು ನಗರದ ನಕ್ಷೆಯ ಮೇಲೆ ಅಂಟಿಸಬೇಕು ಎಂಬುದಷ್ಟೇ ಅವನ ಯೋಜನೆಯಾಗಿತ್ತು. ಮಾತು ಬಂದು ಸೇರಿದ್ದು ಆಮೇಲೆ. ಚಿತ್ರದ ಕೆಳಗೆ ಆ ಮನುಷ್ಯನದೇ ನಾಲ್ಕು ಮಾತು ಹಾಕಿದ ಮೇಲೆ ಜನ ಚಿತ್ರವನ್ನು ನೋಡುವ ರೀತಿಯೇ ಬದಲಾಯಿತು, ‘ಹ್ಯೂಮನ್ಸ್ ಆಫ್ ನ್ಯೂಯಾರ್ಕ್’ ಮನೆಮಾತಾಯಿತು. 2015ರಲ್ಲಿ ಬ್ರೂಕ್ಲಿನ್ನಿನ ಬ್ರೌನ್ಸ್‌ವಿಲ್ ಎಂಬ ಬಡ ಬಡಾವಣೆಯ ಹುಡುಗನೊಬ್ಬ, ತನ್ನ ಬಾಳಿನ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದವರು ಯಾರು ಎಂಬ ಪ್ರಶ್ನೆಗೆ ತನ್ನ ಶಾಲೆಯ ಮುಖ್ಯೋಪಾಧ್ಯಾಯಿನಿಯ ಹೆಸರು ಹೇಳಿದ. ಆ ಒಂದು ಉತ್ತರದಿಂದಾಗಿ ಆ ಶಾಲೆಗೆ ಹತ್ತು ಲಕ್ಷ ಡಾಲರ್‌ಗೂ ಮಿಕ್ಕಿ ದೇಣಿಗೆ ಹರಿದುಬಂತು. ದುಡ್ಡಿನ ಮಾತು ಹಾಗಿರಲಿ. ಹುಡುಗನನ್ನು ಕೇಳಿದ ಪ್ರಶ್ನೆ ಎಂಥದು ನೋಡಿ. ಸ್ಟ್ಯಾಂಟನ್ ಅವನ ಬಡತನವನ್ನು ಕೇಳಲಿಲ್ಲ, ಅವನು ಯಾರನ್ನು ಮೆಚ್ಚುತ್ತಾನೆ ಎಂದು ಕೇಳಿದ.

ನಮ್ಮಲ್ಲಿ ಈ ದಾರಿಯನ್ನು ಬಹಳ ಮೊದಲೇ ತುಳಿದವರು ಮೈಸೂರಿನ ಟಿ.ಎಸ್. ಸತ್ಯನ್. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರು ಪ್ರಧಾನಿಗಳ ಚಿತ್ರ ತೆಗೆದಷ್ಟೇ ಆಸ್ಥೆಯಿಂದ ಬೀದಿಯ ಮಕ್ಕಳ ಚಿತ್ರವನ್ನೂ ತೆಗೆದರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವರ ಪುಸ್ತಕ ‘ಕಾಲಕ್ಕೆ ಕನ್ನಡಿ’ ಓದಿದವರಿಗೆ ಗೊತ್ತು, ಅವರಿಗೆ ಕ್ಯಾಮೆರಾದಷ್ಟೇ ಮಾತೂ ಒಲಿದಿತ್ತು.

ಹೆಸರೂ ಕೇಳದೆ ತೆಗೆದ ಚಿತ್ರ ಏನಾಗಬಲ್ಲದು ಎಂಬುದಕ್ಕೆ ಎರಡು ಮುಖಗಳು ನನ್ನ ಕಣ್ಣ ಮುಂದೆ ಸದಾ ಇರುತ್ತವೆ. 1936ರ ಮಾರ್ಚ್. ಅಮೆರಿಕದ ಆರ್ಥಿಕ ಕುಸಿತದ ಕಾಲ. ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ, ಸರ್ಕಾರಿ ಇಲಾಖೆಯೊಂದಕ್ಕೆ ಕೆಲಸ ಮಾಡುತ್ತಿದ್ದ ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿಯನ್ನು ಕಂಡರು. ಗಲ್ಲಕ್ಕೆ ಕೈ, ಎರಡು ಹೆಗಲಿಗೂ ಮುಖ ಹುದುಗಿಸಿದ ಮಕ್ಕಳು. ಕೆಲವೇ ಚಿತ್ರ ತೆಗೆದು ಹೊರಟರು. ಆಕೆಯ ಹೆಸರನ್ನಾಗಲಿ ಹಿಂದುಮುಂದನ್ನಾಗಲಿ ತಾನು ಕೇಳಲಿಲ್ಲ ಎಂದು ಲ್ಯಾಂಗ್ ಅವರೇ ಮುಂದೆ ಬರೆದರು. ಚಿತ್ರ ಪತ್ರಿಕೆಯಲ್ಲಿ ಬಂದು ಬಿಡಾರಕ್ಕೆ ಆಹಾರ ತಲುಪುವ ಹೊತ್ತಿಗೆ ಆ ಕುಟುಂಬ ಮುಂದಕ್ಕೆ ಹೋಗಿಯಾಗಿತ್ತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ತಿಳಿದದ್ದು 1978ರಲ್ಲಿ. ಆ ಚಿತ್ರದಿಂದ ತನಗೆ ಒಂದು ಕಾಸೂ ಬರಲಿಲ್ಲ, ಅದನ್ನು ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂಬುದು ಆಕೆಯ ಅಳಲು. ಇನ್ನೊಂದು, ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ 1984ರಲ್ಲಿ ಸ್ಟೀವ್ ಮೆಕರಿ ತೆಗೆದ ಹಸಿರು ಕಣ್ಣಿನ ಅಫ್ಘನ್ ಹುಡುಗಿ. ಮರುವರ್ಷ ‘ನ್ಯಾಷನಲ್ ಜಿಯಾಗ್ರಫಿಕ್’ ಮುಖಪುಟದಲ್ಲಿ ಬಂದು ಅವಳ ಕಣ್ಣು ಜಗತ್ತನ್ನೆಲ್ಲ ಸುತ್ತಿತು. ಶರ್ಬತ್ ಗುಲಾ ಎಂಬ ಹೆಸರು ಗೊತ್ತಾದದ್ದು 2002ರಲ್ಲಿ, ಹುಡುಕಿಕೊಂಡು ಹೋದ ಮೇಲೆ. ಚಿತ್ರಗಳೆರಡೂ ಶ್ರೇಷ್ಠ, ಆ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹೆಸರು ಕೇಳುವುದಕ್ಕೆ ಎಷ್ಟು ಹೊತ್ತು ಬೇಕು? ನಮ್ಮ ಹಳ್ಳಿಗಳಲ್ಲಿ ನೀರು ಕೊಡುವ ಮೊದಲೇ ಯಾವೂರು, ಯಾರ ಪೈಕಿ ಎಂದು ಕೇಳಿಬಿಡುತ್ತಾರೆ.

ಕೇಳಿದ ಮೇಲೆ ಬೇಡ ಎನ್ನಿಸಿಕೊಳ್ಳಬೇಕಾಗುತ್ತದೆ, ಅದೂ ಈ ಕೆಲಸದ ಭಾಗ. ಬೆಂಗಳೂರಿನ ಹೊರವಲಯದ ಎಷ್ಟೋ ಸರ್ಕಲ್ಲುಗಳಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಕೂಲಿ ಅಡ್ಡೆ ನಡೆಯುತ್ತದೆ. ಗಂಡಸರು, ಹೆಂಗಸರು, ಬುತ್ತಿ ಡಬ್ಬಿ, ಸಲಿಕೆ, ತಗಡಿನ ಬುಟ್ಟಿ. ಟೆಂಪೊ ಬಂದು ನಿಂತರೆ ಸುತ್ತ ಗುಂಪು, ಟೆಂಪೊ ಹೋದರೆ ಮತ್ತೆ ಫುಟ್‌ಪಾತಿನ ಅಂಚು. ಅಲ್ಲಿ ಒಬ್ಬ ಯುವಕ, ರಾಯಚೂರು ಕಡೆಯವನು, ತಲೆಗೆ ಟವೆಲ್ಲು ಸುತ್ತಿ ಬುಟ್ಟಿಯನ್ನು ಮಗುಚಿ ಅದರ ಮೇಲೆ ಕೂತಿದ್ದ. ಬೆಳಕು ಅವನ ಒಂದು ಕೆನ್ನೆಯ ಮೇಲೆ ನೇರವಾಗಿ ಬಿದ್ದಿತ್ತು. ಚಹಾ ಕುಡಿದೆವು. ಫೋಟೊ ಎಂದ ಕೂಡಲೆ ತಲೆಯಾಡಿಸಿದ.

“ಬ್ಯಾಡ್ರಿ ಸರ. ಊರಾಗ ನಾ ಮೇಸ್ತ್ರಿ ಅಂತ ಹೇಳೀನ್ರಿ. ಹೆಣ್ಣು ಕೊಟ್ಟೋರೂ ಹಂಗಾ ತಿಳ್ಕೊಂಡಾರ. ಈ ಬುಟ್ಟಿ ಜೋಡಿ ಫೋಟೊ ವಾಟ್ಸಾಪಿನ್ಯಾಗ ಹೋತಂದ್ರ ಸಂಜಿಗೇ ಊರು ಮುಟ್ಟತೈತಿ.”

ಕ್ಯಾಮೆರಾವನ್ನು ಚೀಲಕ್ಕೆ ಹಾಕಿದೆ. ಅದು ಒಳಗೆ ಹೋದ ಮೇಲೆ ಅವನ ಮಾತು ಹೊರಗೆ ಬಂತು. ಸಂಜೆ ಕೆಲಸ ಮುಗಿದ ಮೇಲೆ ಮೇಸ್ತ್ರಿಯ ಕರಣೆ ಇಸಿದುಕೊಂಡು, ಯಾರಿಗೂ ಕಾಣದ ಹಿಂದುಗಡೆ ಗೋಡೆಗೆ ಗಾರೆ ಮೆತ್ತಿ ಕಲಿಯುತ್ತಿದ್ದಾನೆ. ಮಟ್ಟಗೋಲು ಹಿಡಿದು ಗೋಡೆ ಸಮ ಬಂದಿದೆಯೋ ಇಲ್ಲವೋ ತಾನೇ ನೋಡಿಕೊಳ್ಳುತ್ತಾನೆ. ಸರಿ ಬರದಿದ್ದರೆ ಹಸಿ ಇರುವಾಗಲೇ ಕೆರೆದು ಹಾಕುತ್ತಾನೆ. ಮೇಸ್ತ್ರಿ ಬೈಯುವುದಿಲ್ಲ, ಸಿಮೆಂಟು ಮಾತ್ರ ಹಾಳು ಮಾಡಬೇಡ ಅನ್ನುತ್ತಾನಂತೆ. “ಮಾತು ಬೇಕಾದ್ರ ಬರ್ಕೋರಿ, ಮಾರಿ ಬ್ಯಾಡ. ಕರಣಿ ಹಿಡದ ಮ್ಯಾಗ ಬರ್ರಿ, ನಾನಾ ನಿಂದ್ರತೀನಿ.” ಅವನ ಮುಖ ನನ್ನ ಹತ್ತಿರ ಇಲ್ಲ, ಕತೆ ಇದೆ. ಅವನು ಕೊಟ್ಟದ್ದು ಇಷ್ಟು, ಇಷ್ಟೇ ನನ್ನದು.

ಬೀದಿಗೆ ಬಂದವನ ಮುಖ ಎಲ್ಲರದೂ ಹೌದು, ಕೇಳುವ ಅಗತ್ಯವಿಲ್ಲ ಎಂದು ವಾದಿಸುವ ಗಟ್ಟಿ ಛಾಯಾಗ್ರಾಹಕರಿದ್ದಾರೆ. ಫಿಲಿಪ್-ಲೋರ್ಕಾ ಡಿಕೋರ್ಸಿಯಾ ಎಂಬಾತ ಟೈಮ್ಸ್ ಸ್ಕ್ವೇರಿನಲ್ಲಿ ದೀಪಗಳನ್ನು ಮರೆಯಲ್ಲಿ ಕಟ್ಟಿ, ದೂರದಿಂದ ದಾರಿಹೋಕರ ಮುಖಗಳನ್ನು ಅವರಿಗೆ ಗೊತ್ತಿಲ್ಲದೆ ಸೆರೆಹಿಡಿದ. ಆ ಚಿತ್ರಗಳು ಗ್ಯಾಲರಿಯಲ್ಲಿ ಸಾವಿರಾರು ಡಾಲರಿಗೆ ಮಾರಾಟವಾದವು. ಅದರಲ್ಲಿ ಒಂದು ಮುಖ ಒಬ್ಬ ವಯಸ್ಸಾದ ಸಂಪ್ರದಾಯಸ್ಥ ಯಹೂದಿಯದು. ಇದು ನನ್ನ ಧರ್ಮಶ್ರದ್ಧೆಗೆ ವಿರುದ್ಧ ಎಂದು ಆತ ದಾವೆ ಹೂಡಿದರು. 2006ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅದು ಕಲೆ ಎಂದು ಛಾಯಾಗ್ರಾಹಕನ ಪರವಾಗಿ ತೀರ್ಪು ಕೊಟ್ಟಿತು. ಕಾನೂನು ಅವನ ಕಡೆಗಿತ್ತು, ನನ್ನ ಮನಸ್ಸು ಆ ಮುದುಕರ ಕಡೆಗಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್‌ನಲ್ಲಿ ಹೇಳಿತಲ್ಲ, ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿಷಯವಾಗಿ ಅವರು ಅರ್ಜಿ ಹಾಕಿದಾಗ ವಯಸ್ಸು ಎಂಬತ್ತು ದಾಟಿತ್ತು. ಕೂಲಿ ಅಡ್ಡೆಯ ಹುಡುಗ ಆ ತೀರ್ಪನ್ನು ಓದಿರಲಾರ. ತನ್ನ ಮುಖ ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿದೆ.

ನಿಲ್ಲುವ ಭಂಗಿಯೂ ಅವರವರದೇ ಆಗಿರಬೇಕು ಎಂಬುದನ್ನು ನಾನು ಕಲಿತದ್ದು ಜರ್ಮನಿಯ ಆಗಸ್ಟ್ ಸಾಂಡರ್ ತೆಗೆದ ಚಿತ್ರಗಳಿಂದ. 1928ರಲ್ಲಿ ಅವರು ಒಬ್ಬ ಇಟ್ಟಿಗೆ ಹೊರುವ ಕೂಲಿಯ ಚಿತ್ರ ತೆಗೆದರು. ಹೆಗಲ ಮೇಲೆ ಹಲಗೆಯ ತುಂಬ ಇಟ್ಟಿಗೆ, ಕಣ್ಣು ನೇರವಾಗಿ ಕ್ಯಾಮೆರಾಕ್ಕೆ, ಒಬ್ಬ ದೊರೆ ನಿಂತಂಥ ನಿಲುವು. ರೈತ, ಅಡುಗೆಯವ, ವಕೀಲ, ಭಿಕ್ಷುಕ ಎಲ್ಲರೂ ಅವರ ಮುಂದೆ ತಮಗೆ ತೋಚಿದ ಹಾಗೆಯೇ ನಿಂತಿದ್ದಾರೆ. 1929ರಲ್ಲಿ ಅರವತ್ತು ಚಿತ್ರಗಳ ಪುಸ್ತಕ ಬಂತು. ಎಲ್ಲ ಬಗೆಯ ಮನುಷ್ಯರಿಗೂ ಒಂದೇ ಮರ್ಯಾದೆ ಕೊಟ್ಟ ಆ ಪುಸ್ತಕವನ್ನು ನಾಜಿಗಳು ಸಹಿಸಲಿಲ್ಲ. 1936ರಲ್ಲಿ ಅದರ ಅಚ್ಚಿನ ಫಲಕಗಳನ್ನೇ ನಾಶ ಮಾಡಿದರು.

ಚಿಕ್ಕಪೇಟೆಯ ಹಿಂದಿನ ಒಂದು ಗಲ್ಲಿಯಲ್ಲಿ ಸಾಣೆ ಹಿಡಿಯುವ ಒಬ್ಬ ಯಜಮಾನರು ಸಿಗುತ್ತಾರೆ. ಸೈಕಲ್ಲಿಗೇ ಸಾಣೆಕಲ್ಲು ಜೋಡಿಸಿದ್ದಾರೆ. ಸ್ಟ್ಯಾಂಡು ಹಾಕಿ, ಸೀಟಿನ ಮೇಲೆ ಕೂತು ಪೆಡಲು ತುಳಿದರೆ ಮುಂದಿನ ಕಲ್ಲು ಗಿರ್ರನೆ ತಿರುಗುತ್ತದೆ. ಮನೆಗಳಲ್ಲಿ ಈಗ ಚಾಕು ಮೊಂಡಾದರೆ ಎಸೆದು ಹೊಸದು ತರುತ್ತಾರೆ. ಟೈಲರುಗಳ ಕತ್ತರಿ, ಕ್ಷೌರದಂಗಡಿಯ ಕತ್ತರಿ, ಮಟನ್ ಅಂಗಡಿಯ ಮಚ್ಚು, ಇಷ್ಟರಲ್ಲಿ ಇವರ ಸಂಸಾರ ನಡೆಯುತ್ತಿದೆ. ಕತ್ತರಿಯ ಒಂದೊಂದೇ ಅಲಗನ್ನು ಓರೆಯಾಗಿ ಕಲ್ಲಿಗೆ ಕೊಟ್ಟು, ಬುಡದಿಂದ ತುದಿಗೆ ಒಂದೇ ಎಳೆತ. ಆಮೇಲೆ ಜೇಬಿನಿಂದ ಬಟ್ಟೆಚೂರು ತೆಗೆದು ಕತ್ತರಿಯ ತುದಿಯಿಂದ ಮಾತ್ರ ಕತ್ತರಿಸಿ ನೋಡುತ್ತಾರೆ. ನಡುಭಾಗ ಯಾವ ಕತ್ತರಿಯಾದರೂ ಕತ್ತರಿಸುತ್ತದೆ, ತುದಿ ಕತ್ತರಿಸಿದರೇ ಅದು ಸಾಣೆ ಎಂಬುದು ಅವರ ಲೆಕ್ಕ.

ಮಚ್ಚು ಕಲ್ಲಿಗೆ ತಾಗಿದಾಗ ಕಿಡಿ ಸಿಡಿಯುತ್ತದೆ. ನಾನು ಹೋಗಿ ಮಾತಿಗೆ ಕೂತಾಗ ಅವರೇ ಹೇಳಿದರು. “ಕ್ಯಾಮೆರಾ ತಂದೋರೆಲ್ಲಾ ಕಿಡಿ ತೆಗ್ದು ಹೋಗ್ತಾರೆ ಸ್ವಾಮಿ. ಇನ್ನೊಂದ್ಸಲ ತುಳೀರಿ, ಇನ್ನೊಂದ್ಸಲ ತುಳೀರಿ ಅಂತಾರೆ, ತುಳೀತೀನಿ. ಕಿಡಿ ಬೇಡ, ನನ್ನ ಮುಖ ತೆಗೀರಿ.”

ಯಾಕೆ ಎಂದು ಕೇಳಿದ್ದಕ್ಕೆ, ಹೇಳಬಾರದ್ದೇನೂ ಅಲ್ಲವೆಂಬಂತೆ ಹೇಳಿದರು. ಅವರಪ್ಪನದು ಒಂದೂ ಫೋಟೊ ಇಲ್ಲ. ಅವರೂ ಇದೇ ಕೆಲಸ ಮಾಡುತ್ತಿದ್ದವರು, ಮುಳಬಾಗಿಲ ಕಡೆಯಿಂದ ಇಲ್ಲಿಗೆ ಬಂದವರು. ವರ್ಷಾಬ್ದಿಕಕ್ಕೆ ಬರೀ ಕಳಶ ಇಟ್ಟು ಪೂಜೆ ಮಾಡುತ್ತಾರೆ. “ಮೊಮ್ಮಗ ಕೇಳ್ತಾನೆ, ಮುತ್ತಜ್ಜ ಹೆಂಗಿದ್ರು ಅಂತ. ನನ್ನಂಗೇ ಇದ್ರು ಅಂತೀನಿ. ನಂದಾದ್ರೂ ಒಂದಿರ್ಲಿ, ಹಾರ ಹಾಕಕ್ಕೆ.” ಆಧಾರ್ ಕಾರ್ಡಿನಲ್ಲಿ ಇದೆಯಲ್ಲ ಎಂದರೆ, ಅದರಲ್ಲಿ ತಾನು ಕಳ್ಳನ ಹಾಗೆ ಬಂದಿದ್ದೇನೆ ಎಂದರು.

ಬಾಚಣಿಗೆ ತೆಗೆದು ನೀರು ಮುಟ್ಟಿಸಿ ತಲೆ ಬಾಚಿದರು. ಎದುರಿನ ಅಂಗಡಿಯ ಗಾಜಿನಲ್ಲಿ ನೋಡಿಕೊಂಡು ಶರಟಿನ ಮೇಲಿನ ಗುಂಡಿ ಹಾಕಿದರು. ಟೈಲರ್ ಹುಡುಗನನ್ನು ಕೂಗಿ ಒಂದು ಸ್ಟೂಲು ತರಿಸಿ, ಬೆನ್ನು ನೇರ ಮಾಡಿ, ಎರಡು ಕೈಯನ್ನೂ ಮಂಡಿಯ ಮೇಲಿಟ್ಟು ಕೂತರು. ನಗಲಿಲ್ಲ. ನಗಿಸುವ ಪ್ರಯತ್ನವನ್ನು ನಾನೂ ಮಾಡಲಿಲ್ಲ. ಸಹಜವಾಗಿರಿ ಎಂದು ಹೇಳುವ ಚಪಲ ಛಾಯಾಗ್ರಾಹಕರಿಗೆಲ್ಲ ಇರುತ್ತದೆ. ಆ ಬಿಗುವು ಅವರ ಮಟ್ಟಿಗೆ ಸಹಜ, ಹಬ್ಬದ ದಿನ ಮೀಸಲು ಬಟ್ಟೆ ಉಟ್ಟಷ್ಟೇ ಸಹಜ. ಸೈಕಲ್ಲನ್ನು ಚಿತ್ರದಿಂದ ಆಚೆ ಇಡಬೇಕು ಎಂದರು, ಇಟ್ಟೆವು. ಸಾಣೆಕಲ್ಲಿನ ಬೂದುಬಣ್ಣದ ಪುಡಿ ಮಾತ್ರ ಹುಬ್ಬಿನ ಕೂದಲಲ್ಲಿ ಉಳಿದುಕೊಂಡಿತ್ತು. ಒರೆಸಿಕೊಳ್ಳಿ ಎಂದು ನಾನು ಹೇಳಲಿಲ್ಲ.

ತೆಗೆದ ಚಿತ್ರವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಕೊಡುವುದು ಈ ಕೆಲಸದಲ್ಲಿ ನಾನು ಬಿಡದೆ ಪಾಲಿಸುವ ಒಂದು ನೇಮ. ವಾಟ್ಸಾಪಿನಲ್ಲಿ ಕಳಿಸಿದ್ದು ಮಕ್ಕಳ ಫೋನಿನಲ್ಲಿ ಇಂದು ಬಂದು ನಾಳೆ ಅಳಿಯುತ್ತದೆ. ಕಾಗದ ಗೋಡೆಗೆ ಹೋಗುತ್ತದೆ, ಇಲ್ಲವೇ ಟ್ರಂಕಿನ ತಳಕ್ಕೆ. ಹೂವಿನ ಅಕ್ಕ ತಮ್ಮ ಚಿತ್ರವನ್ನು ಆ ಜಗಳಗಂಟಿ ಗಿರಾಕಿಗೇ ಮೊದಲು ತೋರಿಸಿದರಂತೆ. ನೋಡಿ, ನನ್ನ ಕೈ ಎಷ್ಟುದ್ದ ಇದೆ ಅಂತ ಇದರಲ್ಲೇ ಅಳೆದುಕೊಳ್ಳಿ ಎಂದರಂತೆ.

ಯಜಮಾನರ ಚಿತ್ರವನ್ನು ದೊಡ್ಡದಾಗಿಯೇ ಮಾಡಿಸಿ ಕೊಟ್ಟುಬಂದೆ. ಮುಂದಿನ ಸಲ ಹೋದಾಗ ಸೈಕಲ್ಲಿನ ಪಕ್ಕದಲ್ಲಿ ಅವರ ಹೆಂಡತಿಯೂ ಇದ್ದರು. ನನ್ನನ್ನು ನೋಡುತ್ತಲೇ ಶುರು ಮಾಡಿದರು.

“ನೀವೇನಾ ಫೋಟೊ ತೆಗೆದೋರು? ಬದುಕಿರೋ ಮನುಷ್ಯನಿಗೆ ಹಾರ ಹಾಕೋ ಫೋಟೊ ಅಂತೆ! ತಂದು ಗೋಡೆಗೆ ಮೊಳೆ ಹೊಡೀತಾ ನಿಂತಿದ್ರು. ಕಿತ್ತು ಬೀರುವಿನಲ್ಲಿಟ್ಟಿದ್ದೀನಿ.”

“ಚೆನ್ನಾಗಿ ಬಂದಿಲ್ವಾ ಅಮ್ಮಾ?”

“ಚೆನ್ನಾಗೇನೋ ಬಂದೈತೆ. ಒಬ್ಬರೇ ಯಾಕೆ ಕೂತವ್ರೆ ಅಂತ. ಮದುವೇಲೂ ನಮಗೆ ಫೋಟೊ ಇಲ್ಲ, ಫೋಟೊದೋನಿಗೆ ಕೊಡಕ್ಕೆ ದುಡ್ಡಿರ್ಲಿಲ್ಲ. ಇಬ್ರುದೂ ತೆಗೀರಿ. ಅದನ್ನ ನಾನೇ ಗೋಡೆಗೆ ಹಾಕ್ತೀನಿ.”

ಅಲ್ಲೇ ತೆಗೆಯೋಣವೆಂದು ನಾನು ಚೀಲಕ್ಕೆ ಕೈ ಹಾಕಿದರೆ ಗದರಿದರು. ಈ ಸೀರೆಯಲ್ಲಾ? ಭಾನುವಾರ ಬನ್ನಿ, ಮನೆಗೇ ಬನ್ನಿ, ಮೊಮ್ಮಗನೂ ಇರುತ್ತಾನೆ, ಊಟ ಮಾಡಿಕೊಂಡೇ ಹೋಗಬೇಕು ಎಂದು ಗಲ್ಲಿಯ ಗುರುತು ಹೇಳಿದರು. ಯಜಮಾನರು ಪೆಡಲು ತುಳಿಯುತ್ತಲೇ ಇದ್ದರು. ಹೆಂಡತಿ ಅತ್ತ ತಿರುಗಿದ ಮೇಲೆ, ಕಲ್ಲಿನ ಸದ್ದಿನ ನಡುವೆ, ಕತ್ತು ಬಗ್ಗಿಸಿ ಕೇಳಿದರು. ಇಬ್ಬರದ್ದಾದರೆ ಫ್ರೇಮು ಎಷ್ಟು ದೊಡ್ಡದು ಬೇಕಾಗುತ್ತೆ, ಅವೆನ್ಯೂ ರೋಡಿನಲ್ಲಿ ಯಾವ ಅಂಗಡಿಯಲ್ಲಿ ಒಳ್ಳೇದು ಸಿಗುತ್ತೆ?